ಇಪ್ಪತ್ತಾರು ಗೇಟಿನ ಸುತ್ತು

ನನ್ನ ಗಂಡನ ಸೈಕಲ್ಲು ಆ ಭಾನುವಾರ ನಲವತ್ತೆರಡು ಕಿಲೋಮೀಟರು ಸುತ್ತಿ ಬಂದದ್ದು ನಿಜ. ನನ್ನ ಗಂಡನೂ ಅಷ್ಟೇ ದೂರ ಸುತ್ತಿ ಬಂದದ್ದು ನಿಜ. ಇಬ್ಬರೂ ಉದ್ದಕ್ಕೂ ಜೊತೆಯಲ್ಲೇ ಇದ್ದರೆಂಬುದೂ ನಿಜ. ಒಬ್ಬರ ಮೇಲೆ ಒಬ್ಬರು ಕೂತಿರಲಿಲ್ಲ, ಅಷ್ಟೆ. ಈ ಸಣ್ಣ ವ್ಯತ್ಯಾಸವನ್ನು ಮುಚ್ಚಿಡಲು ನಾನು ಒಂದು ವಾರ ಪಟ್ಟ ಪಾಡನ್ನು ಹೇಳುತ್ತೇನೆ.

ಇವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತ ಮೇಲೆ, ನಲವತ್ತಮೂರನೇ ವಯಸ್ಸಿನಲ್ಲಿ, ತಮಗೆ ಕಾಲುಗಳಿವೆ ಎಂದು ಇವರಿಗೆ ನೆನಪಾಯಿತು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ನನ್ನ ಹೆಬ್ಬೆರಳಿನಷ್ಟು ದಪ್ಪದ ಟೈರು, ಕತ್ತರಿಯ ಹಿಡಿಯಷ್ಟು ಅಗಲದ ಸೀಟು ಇರುವ ಸೈಕಲ್ಲೊಂದು ಮನೆಗೆ ಬಂತು. ಎರಡು ವಾರ ಅದನ್ನು ಒರೆಸಿದ್ದೇ ಒರೆಸಿದ್ದು.

ನಮ್ಮ ಊರಿನ ಆಚೆ ಹೊಲಗಳು, ದಿಣ್ಣೆಗಳು. ರಸ್ತೆ, ಹೊಲಿಗೆ ಬಾರದವರು ಹಿಡಿದ ನೆರಿಗೆಯಂತೆ, ಒಂದು ಏರಿದರೆ ಒಂದು ಇಳಿಯುತ್ತ ದಿಣ್ಣೆಗಳನ್ನೆಲ್ಲ ಸುತ್ತಿಕೊಂಡು ಮತ್ತೆ ಊರಿಗೇ ಬಂದು ಸೇರುತ್ತದೆ. ಊರಿನ ಸೈಕಲ್ ಸಂಘದವರು ಇದನ್ನು ಗುಡ್ಡದ ಸುತ್ತು ಎನ್ನುತ್ತಾರೆ. ಅದನ್ನು ಮುಗಿಸಿ ಬಂದವರ ಮುಖದ ಮೇಲೆ ಯುದ್ಧ ಗೆದ್ದ ಕಳೆ ಇರುತ್ತದೆ. ಆ ಕಳೆ ಇವರಿಗೂ ಬೇಕಾಗಿತ್ತು. ಶನಿವಾರ ಸಂಜೆ ಕಾಂಪೌಂಡಿನಲ್ಲಿ ನಿಂತು ಮಹಡಿಮನೆಯಾಕೆಗೆ ಕೇಳುವಂತೆ, "ನಾಳೆ ಗುಡ್ಡದ ಸುತ್ತು ಒಂದು ಹೊಡ್ಕೊಂಡು ಬರ್ತೀನಿ," ಎಂದರು. ಮೊಸರು ತರಲು ಹೋಗುವವರ ಧಾಟಿಯಲ್ಲಿ.

ಮಹಡಿಮನೆಯಾಕೆ ಉಪಕಾರ ಮಾಡುವುದರಲ್ಲಿ ಮುಂದು. ಕೆಳಗಿಳಿದು ಬಂದು ಇವರ ಫೋನಿಗೆ ಏನೋ ಹಾಕಿಕೊಟ್ಟರು. "ಹೊರಡುವಾಗ ಇದನ್ನ ಒತ್ತಿ ಜೇಬಲ್ಲಿಟ್ಕೊಳ್ಳಿ. ಎಲ್ಲಿ ಹೋದ್ರಿ, ಎಷ್ಟು ಸ್ಪೀಡು, ಎಲ್ಲಿ ನಿಂತ್ರಿ, ಎಲ್ಲಾ ಸಂಘದವರಿಗೆ ತಾನಾಗೇ ಹೋಗುತ್ತೆ." ಇವರು ತಲೆಯಾಡಿಸಿದರು. ಅರ್ಥವಾಗದ್ದಕ್ಕೆ ತಲೆಯಾಡಿಸುವುದು ಇವರ ಕಚೇರಿಯ ಅಭ್ಯಾಸ.

ಮರುದಿನ ಬೆಳಿಗ್ಗೆ ಮೊದಲ ಏರನ್ನು ಮಾನಕ್ಕಾಗಿ ತುಳಿದರು. ಎರಡನೆಯದನ್ನು ತಳ್ಳಿಕೊಂಡು ಹತ್ತಿದರು. ಮೂರನೆಯದರ ಬುಡದಲ್ಲಿ ಮೋರಿಕಟ್ಟೆಯ ಮೇಲೆ ಕೂತು ಬಾಯಿ ತೆರೆದುಕೊಂಡು ಉಸಿರಾಡುತ್ತಿದ್ದಾಗ ನನ್ನ ತಮ್ಮನ ಹಾಲಿನ ವ್ಯಾನು ಬಂತು.

ಇಲ್ಲಿ ನನ್ನ ತಮ್ಮನ ವಿಷಯ ಹೇಳಬೇಕು. ಮೂವತ್ತೆರಡು ವಯಸ್ಸು, ಎಂಟು ಕೆಲಸ ಬಿಟ್ಟವನು. ಪ್ರತಿಯೊಂದನ್ನೂ ಬಿಡಲು ಅವನ ಬಳಿ ಗಂಭೀರ ಕಾರಣವಿತ್ತು. ಹಾಗೆ ಬಿಟ್ಟು ಬಿಟ್ಟು, ಒಂದೂವರೆ ವರ್ಷ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಾಸಿಗೆ ಹಾಸಿ ಮಲಗಿದ. ಆ ಕೋಣೆಯಲ್ಲೇ ನನ್ನ ಹೊಲಿಗೆ ಮೆಷಿನ್ನು, ಕನ್ನಡಿ, ಗಿರಾಕಿಗಳು. ಅಳತೆ ಕೊಡಲು ಬಂದವರು ಅವನ ಕಾಲು ದಾಟಿ ಬರಬೇಕಾಗಿತ್ತು. ಅವನು ಒಂದು ಕಣ್ಣು ತೆರೆದು, "ಅಕ್ಕಾ, ಕೊರಳು ಸ್ವಲ್ಪ ಅಗಲ ಆಯ್ತು," ಎಂದು ಮತ್ತೆ ಮುಚ್ಚಿಕೊಳ್ಳುತ್ತಿದ್ದ. ಹೇಳುತ್ತಿದ್ದುದು ಸರಿಯೇ ಇರುತ್ತಿತ್ತು, ಅದು ಇನ್ನೂ ಉರಿ. ಅರ್ಧ ಗಿರಾಕಿಗಳು ಎದುರು ಬೀದಿಯ ದರ್ಜಿಯ ಬಳಿ ಹೋದರು. ನಾಲ್ಕು ತಿಂಗಳ ಹಿಂದೆ ಡೈರಿಯವರು ಅವನಿಗೆ ಡ್ರೈವರ್ ಕೆಲಸವನ್ನೂ ಡೈರಿಯ ಹಿಂದೆ ಒಂದು ರೂಮನ್ನೂ ಕೊಟ್ಟರು. ಅವನು ಹಾಸಿಗೆ ಸುತ್ತಿಕೊಂಡು ಹೊರಟ ದಿನ, ಅವನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಬಾಗಿಲಲ್ಲಿ ನಿಂತಿದ್ದೆ. ಬೀದಿಯವರು ಅದನ್ನು ಅಕ್ಕನ ಪ್ರೀತಿ ಎಂದುಕೊಂಡರು.

ಡೈರಿಯ ನಿಯಮ ಒಂದೇ: ವ್ಯಾನಿನಲ್ಲಿ ಡ್ರೈವರು ಮತ್ತು ಹಾಲಿನ ಕ್ಯಾನು ಬಿಟ್ಟರೆ ಮೂರನೆಯದು ಇರಕೂಡದು. ಇದ್ದರೆ ಅಂದೇ ಕೆಲಸ ಹೋಯಿತು. ಹಿಂದಿನ ಡ್ರೈವರು ತನ್ನ ಅತ್ತೆಯನ್ನು ಆಸ್ಪತ್ರೆಯವರೆಗೆ ಕೂರಿಸಿಕೊಂಡು ಹೋಗಿ ಮನೆಗೆ ನಡೆದುಕೊಂಡು ಬಂದಿದ್ದ. ಅತ್ತೆಯನ್ನೇ ಕ್ಷಮಿಸದ ಡೈರಿ ಭಾವನನ್ನು ಕ್ಷಮಿಸುತ್ತದೆಯೇ?

ಇದೆಲ್ಲ ಗೊತ್ತಿದ್ದ ನನ್ನ ತಮ್ಮ ವ್ಯಾನು ನಿಲ್ಲಿಸಿ, "ಭಾವ, ಹತ್ತಿ," ಎಂದ. ಇದೆಲ್ಲ ಗೊತ್ತಿದ್ದ ನನ್ನ ಗಂಡ ಹತ್ತಿದರು. ಸೈಕಲ್ಲನ್ನು ಕ್ಯಾನುಗಳ ಮಧ್ಯೆ ಮಲಗಿಸಿದರು. ಅಲ್ಲಿಂದ ಮುಂದೆ ಸುತ್ತಿನುದ್ದಕ್ಕೂ ಇಪ್ಪತ್ತಾರು ತೋಟದ ಮನೆಗಳು, ಇಪ್ಪತ್ತಾರು ಗೇಟುಗಳು. ಪ್ರತಿ ಗೇಟಿನಲ್ಲೂ ವ್ಯಾನು ನಿಲ್ಲುತ್ತದೆ. ಹಾರ್ನು, ಅಳತೆ, ಪುಸ್ತಕದಲ್ಲಿ ಬರೆಯುವುದು, ಸುರಿಯುವುದು. ಒಂದು ಗೇಟಿಗೆ ತೊಂಬತ್ತು ಸೆಕೆಂಡು ಎಂದು ಡೈರಿಯ ಸೂಪರ್‌ವೈಸರೇ ಗಡಿಯಾರ ಹಿಡಿದು ನಿಗದಿ ಮಾಡಿದ್ದಾರೆ. ಒಂಬತ್ತು ಗಂಟೆಗೆ ಇವರು ನಮ್ಮ ಬೀದಿಯ ತುದಿಯಲ್ಲಿ ಇಳಿದು, ಸೈಕಲ್ ಹತ್ತಿ, ನಲವತ್ತು ಅಡಿ ತುಳಿದು ಮನೆಗೆ ಬಂದರು. ಜೇಬಿನಲ್ಲಿ ಫೋನು ಎಲ್ಲವನ್ನೂ ಬರೆದುಕೊಂಡಿತ್ತು.

ಸೋಮವಾರ ಸಂಜೆ ಸೈಕಲ್ ಸಂಘದ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಅವರು ಹಲ್ಲಿನ ಡಾಕ್ಟರು. ಇವರನ್ನು ಕಂಡವರೇ ಎರಡೂ ಕೈ ಹಿಡಿದುಕೊಂಡರು.

"ನಾಲ್ಕನೇ ಏರಲ್ಲಿ ನಲವತ್ತೆಂಟು ಸ್ಪೀಡು! ಏರಲ್ಲಿ ಸಾರ್, ಏರಲ್ಲಿ! ನಾನು ಇಳಿಜಾರಲ್ಲಿ ಬ್ರೇಕ್ ಬಿಟ್ರೂ ಅಷ್ಟು ಬರಲ್ಲ. ಅದು ಹೋಗ್ಲಿ, ಮಧ್ಯೆ ಮಧ್ಯೆ ನಿಂತಿದ್ದೀರಲ್ಲ, ಎಲ್ಲಾ ಕಡೆ ತೊಂಬತ್ತೇ ಸೆಕೆಂಡು. ಇಪ್ಪತ್ತಾರು ಸಲ! ಏನ್ಸಾರ್ ಇದು?"

ಇವರು ಬೆವರಿದರು. "ಡಾಕ್ಟ್ರೇ, ನಿಜ ಹೇಳ್ಬೇಕಂದ್ರೆ, ಹಾಲಿನ..."

"ಹಾಲು! ಬರೀ ಹಾಲು ಕುಡಿದು ಹೊರಟ್ರಾ?"

ಒಳಗೆ ಅಡುಗೆಮನೆಯಲ್ಲಿ, ಕೆಲಸ ಮುಗಿಸಿ ಬಂದಿದ್ದ ನನ್ನ ತಮ್ಮ ಟೀಗೆ ಬ್ರೆಡ್ಡು ಅದ್ದುತ್ತಿದ್ದವನು ಅದ್ದುವುದನ್ನು ನಿಲ್ಲಿಸಿದ. ಬ್ರೆಡ್ಡು ಕರಗಿ ಲೋಟಕ್ಕೆ ಬಿದ್ದದ್ದು ನನಗೆ ಕೇಳಿಸಿತು. ನನ್ನ ಕಣ್ಣೆದುರು ಒಂದು ಹಾಸಿಗೆ ಉರುಳಿಕೊಂಡು ಬಂದು ಹೊಲಿಗೆ ಮೆಷಿನ್ನಿನ ಪಕ್ಕ ಬಿಚ್ಚಿಕೊಂಡಿತು.

"ಅದು ಅವರ ಪದ್ಧತಿ ಡಾಕ್ಟ್ರೇ," ಎಂದೆ. "ಜೋರಾಗಿ ಹೋಗೋದು, ನಿಲ್ಲೋದು. ಮತ್ತೆ ಜೋರಾಗಿ ಹೋಗೋದು. ಮೊದಲಿಂದಲೂ ಹಾಗೇ."

ಡಾಕ್ಟರು ಕೂತುಬಿಟ್ಟರು. "ಪದ್ಧತಿ," ಎಂದು ಮೆಲ್ಲಗೆ ಹೇಳಿಕೊಂಡರು. "ನನಗೆ ಗೊತ್ತಿತ್ತು, ಇದ್ರಲ್ಲಿ ಏನೋ ಇದೆ ಅಂತ."

ಅವರು ಹೋದ ಮೇಲೆ ಇವರು ನನ್ನ ಮೇಲೆ ಹರಿಹಾಯ್ದರು. "ಸುಳ್ಳು ಹೇಳಿದ್ದು ನೀನು!"

"ವ್ಯಾನು ಹತ್ತಿದ್ದು ಯಾರು?"

ನನ್ನ ತಮ್ಮ ಲೋಟ ಹಿಡಿದುಕೊಂಡು ಬಂದ. "ಜಗಳ ಯಾಕೆ ಅಕ್ಕಾ? ಹೋದ್ರೆ ಹೋಗ್ಲಿ ಬಿಡು ಕೆಲಸ. ಡ್ರೈವಿಂಗಲ್ಲಿ ಸೊಂಟಾನೂ ಹಿಡ್ಕೊಳ್ತಿದೆ. ಸ್ವಲ್ಪ ದಿನ ಇಲ್ಲೇ..." ಎನ್ನುತ್ತ ಅವನ ಕಣ್ಣು ಮುಂದಿನ ಕೋಣೆಯ ಮೂಲೆಗೆ ಹೋಯಿತು. ಆ ಮೂಲೆಯನ್ನು ಅವನು ತೌರುಮನೆಯಂತೆ ನೋಡುತ್ತಿದ್ದ.

"ಬಾಯ್ಮುಚ್ಚು," ಎಂದೆ. "ರೀ, ಇವತ್ತಿಂದ ನಿಮಗೆ ಒಂದು ಪದ್ಧತಿ ಇದೆ. ಗೊತ್ತಾಯ್ತಾ?"

ಮಂಗಳವಾರದ ಹೊತ್ತಿಗೆ ಪದ್ಧತಿ ಊರಿಗೆಲ್ಲ ಗೊತ್ತಾಯಿತು. ನಿವೃತ್ತ ಹೆಡ್ಮಾಸ್ಟರೊಬ್ಬರು ಸಂಘದ ಕಾರ್ಯದರ್ಶಿ. ಅವರು ನೋಟ್‌ಬುಕ್ಕಿನೊಂದಿಗೆ ಬಂದು ಇವರ ಎದುರು ವಿದ್ಯಾರ್ಥಿಯಂತೆ ಕೂತರು. ನಿಂತಾಗ ಎಡಗಾಲು ಕೆಳಗೋ ಬಲಗಾಲೋ? ನೀರು ಎಷ್ಟು ಗುಟುಕು? ಬುಧವಾರ ಇವರ ಕಚೇರಿಯ ಮ್ಯಾನೇಜರು, "ನೀವು ಇದ್ದೀರಲ್ಲ," ಎಂದು ಲಿಫ್ಟ್ ಕೆಟ್ಟ ಕಟ್ಟಡದ ನಾಲ್ಕು ಮಹಡಿಗೆ ಫೈಲುಗಳನ್ನೆಲ್ಲ ಇವರ ಕೈಯಲ್ಲೇ ಹೊರಿಸಿದರು. ಇವರು ಪ್ರತಿ ಮಹಡಿಯಲ್ಲೂ ಏದುಸಿರು ಬಿಡುತ್ತ ನಿಂತರೆ ಜೊತೆಯವರು ಗಡಿಯಾರ ನೋಡಿ, "ತೊಂಬತ್ತು!" ಎಂದು ಭಕ್ತಿಯಿಂದ ಹೇಳುತ್ತಿದ್ದರಂತೆ.

ಗುರುವಾರ ಇನ್ನೊಂದು ಅನಾಹುತವಾಯಿತು. ಇವರು ನಂಬತೊಡಗಿದರು. ಊಟಕ್ಕೆ ಕೂತಾಗ ತುತ್ತು ಎತ್ತಿ ಹಿಡಿದು, "ನಿಲ್ಲೋದ್ರಲ್ಲೇ ಇರೋದು ಗುಟ್ಟು. ತುಳಿಯೋದು ಯಾರು ಬೇಕಾದ್ರೂ ತುಳೀತಾರೆ," ಎಂದರು. ನಾನು ಅನ್ನದ ಪಾತ್ರೆಯನ್ನು ಒಳಗಿಟ್ಟು ಬಂದೆ.

ಸಂಘದವರು ಭಾನುವಾರ ಇವರ ಮುಂದಾಳತ್ವದಲ್ಲೇ ಗುಡ್ಡದ ಸುತ್ತು ಹೊರಡುವುದೆಂದು ತೀರ್ಮಾನಿಸಿದರು. ಇವರು ಮಂಡಿ ನೋವೆಂದರು. ಡಾಕ್ಟರು ಮಂಡಿಯ ಪಟ್ಟಿ ಕಳಿಸಿದರು. ಜ್ವರ ಎಂದರು. ಹೆಡ್ಮಾಸ್ಟರು ಬಂದು ಹಣೆ ಮುಟ್ಟಿ ನೋಡಿ, "ಇದು ಒಳಗಿನ ಕಾವು," ಎಂದರು. ಸಾಲದ್ದಕ್ಕೆ ಎಲ್ಲರಿಗೂ ಒಂದೇ ಬಣ್ಣದ ಚಡ್ಡಿ ಬೇಕಂತೆ, ಕೂರುವ ಕಡೆ ಮೆತ್ತೆ ಇಟ್ಟು ಹೊಲಿಯಬೇಕಂತೆ, ಅದನ್ನು ನಾನೇ ಹೊಲಿಯಬೇಕಂತೆ. ಹನ್ನೊಂದು ಚಡ್ಡಿ. ಬದನೆಕಾಯಿ ಬಣ್ಣದ ಹಿಗ್ಗುವ ಬಟ್ಟೆ ಒಂದೇ ಸುರುಳಿ ಇತ್ತು. ಮೆತ್ತೆಗೆ ಹಳೇ ಸೋಫಾದ ಸ್ಪಂಜು ಕತ್ತರಿಸಿದೆ.

ಹನ್ನೊಂದನೆಯ ಅಳತೆ ಕೊಡಲು ಶುಕ್ರವಾರ ಬಂದ ದಪ್ಪ ಮನುಷ್ಯರ ಸೊಂಟಕ್ಕೆ ಟೇಪು ಸುತ್ತಿ, "ನಲವತ್ತನಾಲ್ಕು. ಹೆಸರು ಬರ್ಕೊಳ್ಳೋದು ಬೇಡ ಸಾರ್, ಏನು ಕೆಲಸ ಅಂತ ಹೇಳಿ, ಚೀಟಿ ಅಂಟಿಸ್ತೀನಿ," ಎಂದೆ.

"ಡೈರಿ ಸೂಪರ್‌ವೈಸರ್," ಎಂದರು. "ಕೊಬ್ಬು ಜಾಸ್ತಿ ಆಗಿದೆ ಅಂದ್ರು ಆಸ್ಪತ್ರೇಲಿ. ನಿನ್ನೆ ಸಂಘ ಸೇರಿದೆ. ನಿಮ್ಮ ಯಜಮಾನರ ಪದ್ಧತಿ ಅದ್ಭುತ ಕಣಮ್ಮಾ. ತೊಂಬತ್ತು ಸೆಕೆಂಡು! ಎಲ್ಲೋ ಕೇಳಿದ ಹಾಗೆ ಅನಿಸ್ತಿದೆ, ನೆನಪಾಗ್ತಿಲ್ಲ."

ಟೇಪು ನನ್ನ ಕೈಯಿಂದ ಜಾರಿತು.

ಯೋಚಿಸಿ ನೋಡಿ. ಇಪ್ಪತ್ತಾರು ಗೇಟಿನವರೂ ಇವರು ವ್ಯಾನಿನಲ್ಲಿ ಕೂತು ಬಂದದ್ದನ್ನು ಕಂಡಿದ್ದಾರೆ. ಈಗ ಅದೇ ಇಪ್ಪತ್ತಾರು ಗೇಟುಗಳಲ್ಲಿ ಇವರು ಸೂಪರ್‌ವೈಸರನ್ನು ಪಕ್ಕದಲ್ಲಿಟ್ಟುಕೊಂಡು ತೊಂಬತ್ತು ತೊಂಬತ್ತು ಸೆಕೆಂಡು ನಿಲ್ಲಬೇಕು. ಯಾರಾದರೂ ಒಬ್ಬರು ಬಾಯಿಬಿಟ್ಟರೆ ಸಾಕು, ಸಂಜೆಯೊಳಗೆ ಹಾಸಿಗೆ ನನ್ನ ಕೋಣೆಯಲ್ಲಿ.

ಹಾಗಾಗಿ ಭಾನುವಾರ ನಾನೂ ಹೊರಟೆ. ಡಾಕ್ಟರ ಹೆಂಡತಿ ಬಾಳೆಹಣ್ಣು, ನೀರು ಹೊತ್ತು ಸ್ಕೂಟರಿನಲ್ಲಿ ಬರುವವರಿದ್ದರು. ಹಿಂದೆ ಬುಟ್ಟಿ ಹಿಡಿದು ಕೂರುತ್ತೇನೆಂದೆ. "ಮುಂದೆ ಮುಂದೆ ಹೋಗೋಣ, ಗೇಟುಗಳಲ್ಲಿ ನಾಯಿ ಕಟ್ಟಿಹಾಕೋಕೆ ಹೇಳ್ಬೇಕು," ಎಂದೆ. ಅವರಿಗೆ ಗಂಡನ ಸೈಕಲ್ಲಿನ ಮೇಲೆ ನನಗಿಂತಲೂ ಬೇಸರವಿತ್ತು. ಏನೂ ಕೇಳಲಿಲ್ಲ.

ಮೊದಲ ಗೇಟಿನಲ್ಲಿ ಹೆಂಗಸೊಬ್ಬಳು ಕ್ಯಾನು ತೊಳೆಯುತ್ತಿದ್ದಳು. ನಾನು ಇಳಿದು ಓಡಿ, ಅವಳ ಕಿವಿಯಲ್ಲಿ, "ಹಿಂದೆ ಡೈರಿ ಸೂಪರ್‌ವೈಸರು ಬರ್ತಿದ್ದಾರೆ. ಏನು ಕೇಳಿದ್ರೂ ಏನೂ ಗೊತ್ತಿಲ್ಲ ಅನ್ನಿ," ಎಂದೆ.

ಅವಳ ಮುಖ ಬಿಳಿಚಿಕೊಂಡಿತು. ಹಿಂತಿರುಗಿ, "ಏನ್ರೀ! ನಲ್ಲಿ ಪೈಪು ಸುತ್ತಿಡಿ! ಚೆಕಿಂಗು!" ಎಂದು ಕೂಗುತ್ತ ಓಡಿದಳು.

ಹಾಲಿಗೆ ನೀರು ಹಾಕುವವರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ನಾನು ಮೂರನೇ ಗೇಟು ಮುಟ್ಟುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಇಪ್ಪತ್ತನೇ ಗೇಟಿನ ಹತ್ತಿರ ಹೋಗಿತ್ತು: ಸೂಪರ್‌ವೈಸರು ಹತ್ತು ಜನ ಅಧಿಕಾರಿಗಳನ್ನು ಕಟ್ಟಿಕೊಂಡು ತಪಾಸಣೆಗೆ ಬರುತ್ತಿದ್ದಾರೆ, ಎಲ್ಲರಿಗೂ ಒಂದೇ ಬಣ್ಣದ ಸಮವಸ್ತ್ರ.

ಐದನೇ ಗೇಟಿನಲ್ಲಿ ಸಂಘ ಬಂದು ನಿಲ್ಲುತ್ತಿದ್ದಂತೆ ಒಬ್ಬ ಗಂಡಸು ಇಡೀ ಕ್ಯಾನು ಹಾಲನ್ನು ಚರಂಡಿಗೆ ಸುರಿದ.

"ಏನಯ್ಯಾ ಅದು?" ಎಂದರು ಸೂಪರ್‌ವೈಸರು.

"ಕರು ಕಾಲು ಹಾಕ್ತು ಸಾರ್."

"ಕರು ಎಲ್ಲಿ?"

"ಓಡಿಹೋಯ್ತು ಸಾರ್. ನೀವು ಡೈರಿ ಸಾಹೇಬ್ರು ಅಲ್ವಾ? ಪ್ಯಾಂಟು ಎಲ್ಲಿ ಸಾರ್?"

ಎಂಟನೇ ಗೇಟಿನಲ್ಲಿ ಒಬ್ಬಾಕೆ ಕೈಮುಗಿದುಕೊಂಡೇ ನಿಂತಿದ್ದಳು. "ನಿಮ್ಮ ಡ್ರೈವರು ಅಪ್ಪಟ ಚಿನ್ನ ಸಾರ್. ವ್ಯಾನಲ್ಲಿ ಒಂದು ನೊಣಾನೂ ಕೂರಿಸಲ್ಲ."

"ನಾನು ಕೇಳಿದ್ನಾ?"

"ಕೇಳ್ಲಿಲ್ಲ ಸಾರ್. ಅದಕ್ಕೇ ಹೇಳ್ದೆ." ಆಮೇಲೆ ನನ್ನ ಗಂಡನನ್ನು ನೋಡಿ, "ಇವರನ್ನಂತೂ ಈ ಜನ್ಮದಲ್ಲಿ ನೋಡಿಲ್ಲ," ಎಂದಳು.

ನಾನು ಬುಟ್ಟಿಯ ಹಿಂದೆ ಮುಖ ಮುಚ್ಚಿಕೊಂಡೆ.

ಇನ್ನು ಮುಂದಾಳಿನ ವಿಷಯ. ಇವರು ಎರಡನೇ ಏರಿನಲ್ಲೇ ಇಳಿದು ತಳ್ಳತೊಡಗಿದ್ದರು. ಹಿಂದಿದ್ದ ಡಾಕ್ಟರು ಅದನ್ನು ಕಂಡು, "ನೋಡಿದ್ರಾ, ನಮಗೋಸ್ಕರ ನಿಧಾನ ಮಾಡ್ತಿದ್ದಾರೆ! ದೊಡ್ಡ ಮನುಷ್ಯರು!" ಎಂದು ತಾವೂ ಇಳಿದರು. ಎಲ್ಲರೂ ಇಳಿದರು. ಅಂದಿನಿಂದ... ಅಂದರೆ ಆ ಏರಿನಿಂದ, ಪ್ರತಿ ಏರಿನಲ್ಲೂ ಹನ್ನೊಂದು ಬದನೆಕಾಯಿ ಚಡ್ಡಿಗಳು ಸಾಲಾಗಿ ಸೈಕಲ್ ತಳ್ಳಿಕೊಂಡು ಹತ್ತಿದವು. ಎದುರು ಬಂದ ಟ್ರಾಕ್ಟರಿನವನು ಇಂಜಿನ್ ಆರಿಸಿ ತಲೆಯ ಮೇಲಿನ ಟೋಪಿ ತೆಗೆದ. ಯಾರೋ ಸತ್ತಿದ್ದಾರೆಂದುಕೊಂಡಿರಬೇಕು.

ಹದಿನೆಂಟು ಗೇಟು ಹೀಗೆ ದಾಟಿದೆವು. ಹದಿನೆಂಟರಿಂದ ಹತ್ತೊಂಬತ್ತಕ್ಕೆ ಎಲ್ಲಕ್ಕಿಂತ ಉದ್ದದ ಏರು. ಅದರ ನಡುವೆ ಸೂಪರ್‌ವೈಸರು ಸೈಕಲ್ಲನ್ನು ಬೇಲಿಗೆ ಬಿಟ್ಟು ರಸ್ತೆಯ ಮೇಲೇ ಕೂತರು. ನಾವು ಸ್ಕೂಟರ್ ತಿರುಗಿಸಿ ಬಂದು ನೀರು ಕೊಟ್ಟೆವು. ಕುಡಿದರೂ ಏಳಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಎರಡು ಹಾರ್ನು ಕೇಳಿಸಿತು. ನನ್ನ ತಮ್ಮನ ವ್ಯಾನು.

ಸೂಪರ್‌ವೈಸರ ಮುಖಕ್ಕೆ ಜೀವ ಬಂತು. ಕೈ ಅಡ್ಡ ಹಿಡಿದರು. "ಏಯ್, ಬಾಗಿಲು ತೆಗಿ."

"ಆಗಲ್ಲ ಸಾರ್."

"ಏನಂದೆ?"

"ನಿಯಮ ಸಾರ್. ಡ್ರೈವರು, ಕ್ಯಾನು. ಅಷ್ಟೇ."

"ಆ ನಿಯಮಕ್ಕೆ ಸಹಿ ಹಾಕಿದೋನು ನಾನು ಕಣಯ್ಯಾ! ನಾನೇ ಹೇಳ್ತಿದ್ದೀನಿ, ತೆಗಿ!"

"ನೀವು ಹೀಗೇ ಹೇಳ್ತೀರಿ ಅಂತ ಗೊತ್ತಿತ್ತು ಸಾರ್. ಏಳನೇ ಗೇಟಲ್ಲೇ ಹೇಳಿದ್ರು, ಇವತ್ತು ಪರೀಕ್ಷೆ ಅಂತ." ನನ್ನ ಕಡೆ ನೋಡಿ ಹೆಮ್ಮೆಯಿಂದ ಒಂದು ಕಣ್ಣು ಮಿಟುಕಿಸಿದ. ಗೇರು ಹಾಕಿದ. ಸೂಪರ್‌ವೈಸರ ಮೇಲೆ ಧೂಳು ಹಾರಿಸಿಕೊಂಡು ಹೋದ.

ಎಂಟು ಕೆಲಸಗಳಲ್ಲಿ ಒಂದು ನಿಯಮವನ್ನೂ ಪಾಲಿಸದ ನನ್ನ ತಮ್ಮ, ಪಾಲಿಸಲು ಆ ದಿನವನ್ನೇ ಆರಿಸಿಕೊಂಡ.

ಸೂಪರ್‌ವೈಸರನ್ನು ಡಾಕ್ಟರು ಒಂದು ಕಡೆ, ಹೆಡ್ಮಾಸ್ಟರು ಒಂದು ಕಡೆ ಹಿಡಿದುಕೊಂಡು ನಡೆಸಿದರು. ನಾನು ಅವರ ಸೈಕಲ್ ತಳ್ಳಬೇಕಾಯಿತು. ಹೀಗಾಗಿ ಹತ್ತೊಂಬತ್ತನೇ ಗೇಟಿಗೆ ಮೊದಲೇ ಹೋಗಿ ಕಿವಿಯಲ್ಲಿ ಹೇಳಲು ಆಗಲಿಲ್ಲ. ಅಲ್ಲಿದ್ದ ಅಜ್ಜಿಗೆ ಫೋನೂ ಇರಲಿಲ್ಲ. ಅವಳು ಗೇಟಿಗೊರಗಿ ನಮ್ಮ ಮೆರವಣಿಗೆಯನ್ನೇ ನೋಡುತ್ತಿದ್ದಳು.

"ಅಯ್ಯೋ, ಹೀಗ್ಯಾಕೆ ಕುಂಟ್ಕೊಂಡು ಬರ್ತಿದ್ದೀರಾ ಸಾಹೇಬ್ರೇ? ವ್ಯಾನು ಈಗ್ತಾನೆ ಹೋಯ್ತಲ್ಲ. ಅದ್ರಲ್ಲೇ ಕೂತು ಬರೋದಲ್ವಾ, ಹೋದ ವಾರ ಇವರು ಬಂದ ಹಾಗೆ?"

ಅವಳ ಬೆರಳು ನೇರ ನನ್ನ ಗಂಡನ ಹಸಿರು ಟೋಪಿಯ ಕಡೆ ಇತ್ತು.

"ಸೈಕಲ್ಲು ಹಿಂದೆ ಕ್ಯಾನ್ ಮಧ್ಯೆ ಮಲಗಿತ್ತು, ಇವರು ಮುಂದೆ ಕೂತಿದ್ರು. ಮುಖ ಸುಣ್ಣ ಆಗಿತ್ತು ಪಾಪ. ನಾನೇ ನೀರು ಕೊಟ್ಟೆ."

ಸೂಪರ್‌ವೈಸರು ಹಿಡಿದವರ ಕೈ ಬಿಡಿಸಿಕೊಂಡರು.

"ನನ್ನ ಹತ್ತಿಸಿಕೊಳ್ಳಲ್ಲ ಅಂದ. ಇವರನ್ನ ಹತ್ತಿಸಿಕೊಂಡಿದ್ದಾನೆ." ಚಡ್ಡಿಯ ಜೇಬಿನಿಂದ ಫೋನು ತೆಗೆದರು. ಆ ಜೇಬನ್ನು ಹೊಲಿದು ಕೊಟ್ಟವಳೂ ನಾನೇ. "ಇವತ್ತೇ ಅವನ ಕೈಯಿಂದ ಕೀಲಿ ಇಸ್ಕೊಳ್ಳೋಕೆ ಹೇಳ್ತೀನಿ. ರೂಮೂ ಖಾಲಿ ಮಾಡ್ಲಿ."

ಇವರು ಮುಂದೆ ಬಂದರು. ಮದುವೆಯಾದ ಹದಿನೇಳು ವರ್ಷಗಳಲ್ಲಿ ಮೊದಲ ಸಲ ಇವರ ಮುಖದ ಮೇಲೆ ಧೈರ್ಯದಂಥದ್ದೇನೋ ಕಂಡಿತು. "ತಪ್ಪು ಅವನದಲ್ಲ ಸಾರ್. ಹೌದು, ನಾನು ವ್ಯಾನಲ್ಲಿ..."

"ಸುಮ್ನಿರ್ರೀ ನೀವು!" ಎಂದು ಹೆಡ್ಮಾಸ್ಟರು ಗದರಿಸಿದರು. ನೋಟ್‌ಬುಕ್ಕನ್ನು ಎತ್ತಿ ತೋರಿಸಿದರು. "ಅರವತ್ತು ಪುಟ ಬರೆದಿದ್ದೀನಿ ನಾನು! ಪಕ್ಕದೂರಿನ ಸಂಘಕ್ಕೂ ಕಳಿಸಿದ್ದೀನಿ. ಈ ಹೊತ್ತಿಗೆ ಅಲ್ಲೂ ಮೂವತ್ತು ಜನ ತೊಂಬತ್ತು ಸೆಕೆಂಡು ನಿಲ್ತಿದ್ದಾರೆ. ನೀವು ಸೈಕಲ್ ತುಳಿದೇ ಇದ್ದೀರಿ. ತುಳಿದಿರಲೇಬೇಕು!"

"ಫೋನಲ್ಲಿ ದಾಖಲೆ ಇದೆ," ಎಂದರು ಡಾಕ್ಟರು. "ಅಜ್ಜಿಗೆ ವಯಸ್ಸಾಗಿದೆ. ಫೋನಿಗೆ ಆಗಿಲ್ಲ."

"ಆದ್ರೆ ಇವರೇ ಒಪ್ಕೊಳ್ತಿದ್ದಾರಲ್ರೀ!" ಎಂದರು ಸೂಪರ್‌ವೈಸರು.

"ಸಾರ್," ಡಾಕ್ಟರು ಸೂಪರ್‌ವೈಸರ ಹೆಗಲ ಮೇಲೆ ಕೈಯಿಟ್ಟರು. "ಒಂದು ನಿಮಿಷ ಯೋಚ್ನೆ ಮಾಡಿ. ಇವರು ವ್ಯಾನಲ್ಲೇ ಬಂದ್ರು ಅಂತಾದ್ರೆ, ಇವತ್ತು ಹಾಲಿನ ವ್ಯಾನು ನಿಲ್ಲೋ ಕಡೆಯೆಲ್ಲ ಗಡಿಯಾರ ಹಿಡ್ಕೊಂಡು ನಿಂತೋರು ಯಾರು? ಆ ತೊಂಬತ್ತು ಸೆಕೆಂಡು ಯಾರದ್ದು?"

ಸೂಪರ್‌ವೈಸರು ಬಾಯಿ ತೆರೆದರು. ಎಲ್ಲಿ ಕೇಳಿದ್ದೆಂದು ಅವರಿಗೆ ಈಗ ನೆನಪಾಯಿತು. ಅದು ಅವರ ಮುಖದ ಮೇಲೆ ಕಾಣುತ್ತಿತ್ತು. ತಮ್ಮದೇ ಸಹಿಯ ವೇಳಾಪಟ್ಟಿಯನ್ನು ಊರೆಲ್ಲ ಅದ್ಭುತ ಪದ್ಧತಿಯೆಂದು ಹೊಗಳಿಕೊಂಡು ತಿರುಗಿದವರು ಅವರೇ. ತಲೆ ತಗ್ಗಿಸಿ ತಮ್ಮ ಬದನೆಕಾಯಿ ಚಡ್ಡಿಯನ್ನು ನೋಡಿಕೊಂಡರು. ಹತ್ತು ಜನರ ಚಡ್ಡಿಗಳನ್ನು ನೋಡಿದರು. ಫೋನನ್ನು ಜೇಬಿಗೆ ಇಳಿಸಿದರು.

"ಅಜ್ಜಿ," ಎಂದರು, "ನಿಮಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ."

ಅಜ್ಜಿ ಅವರನ್ನು ನೋಡಿದಳು. ನನ್ನ ಗಂಡನನ್ನು ನೋಡಿದಳು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಕಾಣಲ್ವಾ ನಂಗೆ?"

"ಕಾಣಲ್ಲ."

"ಎಲ್ರೂ ಹಾಗೇ ಹೇಳ್ತೀರಾ?"

ಹನ್ನೊಂದು ತಲೆಗಳು ಆಡಿದವು. ನನ್ನದು ಹನ್ನೆರಡನೆಯದು.

"ಸರಿ ಬಿಡಿ, ಓದಿದೋರು ಹೇಳಿದ ಮೇಲೆ ಇನ್ನೇನು," ಎಂದು ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಹೋದ ತಿಂಗಳು ಹಾಲಲ್ಲಿ ನೀರಿದೆ ಅಂತ ನನ್ನ ಮೇಲೆ ಕೂಗಾಡಿದ್ರಲ್ಲ ಸಾಹೇಬ್ರೇ, ಕಣ್ಣು ಕಾಣದೋಳು ನಾನು. ಹಾಲು ಯಾವ್ದು, ನೀರು ಯಾವ್ದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಇನ್ಮೇಲೆ ಬೈಬೇಡಿ."

ಸೂಪರ್‌ವೈಸರು ಗಂಟಲು ಸರಿಮಾಡಿಕೊಂಡರು. "ಬೈಯಲ್ಲ."

"ಈ ಸುತ್ತಿನ ಗೇಟಿನೋರಿಗೆಲ್ಲ ಕಣ್ಣು ಅಷ್ಟಕ್ಕಷ್ಟೇ."

ಸೂಪರ್‌ವೈಸರು ಕಣ್ಣು ಮುಚ್ಚಿಕೊಂಡರು. "ಅವರಿಗೂ ಬೈಯಲ್ಲ."

"ತೊಂಬತ್ತು ಯಾವಾಗ್ಲೋ ಆಯ್ತು," ಎಂದರು ಹೆಡ್ಮಾಸ್ಟರು, ಯಾರ ಮುಖವನ್ನೂ ನೋಡದೆ. "ಹೊರಡಿ, ಹೊರಡಿ."

ಉಳಿದ ಏಳು ಗೇಟುಗಳಲ್ಲೂ ಅವರು ನಿಂತರು. ಎಲ್ಲರೂ ಗಡಿಯಾರವನ್ನೇ ನೋಡುತ್ತಿದ್ದರು.

ನನ್ನ ತಮ್ಮನ ಕೆಲಸ ಉಳಿಯಿತು. ಅವನು ಡೈರಿಯ ರೂಮಿನಲ್ಲೇ ಇದ್ದಾನೆ. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿ ಬರುತ್ತಿದ್ದಾರೆ. ಕನ್ನಡಿಯ ಮುಂದೆ ನಿಂತು ತಿರುಗಿ ನೋಡಿಕೊಳ್ಳಲು ಈಗ ಜಾಗವಿದೆ.

ಈಚೆಗೆ ಒಂದು ಬೆಳಿಗ್ಗೆ ಇವರು ಟೀ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆ ಕಡೆಯ ಕಂಬಿಗಳು ಕಾಣುತ್ತಿದ್ದವು.

"ಹಾಲು ಒಂದು ವಾರದಿಂದ ಹೀಗೇ ಇದೆ," ಎಂದರು. "ಬರೀ ನೀರು. ಡೈರಿಗೆ ಬರೀತೀನಿ ಇವತ್ತು. ಒಂದು ಹಾಳೆ ಕೊಡು."

ನಾನು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಸುಮ್ನೆ ಕುಡೀರಿ," ಎಂದೆ.